ಲಾಂಗ್‌ಇಯರ್‌ಬಿಯೆನ್: ಏರ್‌ಪೋರ್ಟಿನಿಂದ ಊರಿಗೆ, ಊರಿನಿಂದ ಏರ್‌ಪೋರ್ಟಿಗೆ

ಮೊದಲ ಸಲ ಮ್ಯಾಪ್ ನೋಡಿದಾಗ ನನಗೆ ನಗು ಬಂದಿತ್ತು. ಏರ್‌ಪೋರ್ಟಿನಿಂದ ಊರಿಗೆ ಬರೀ ಐದು ಕಿಲೋಮೀಟರ್. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಟ್ರಾಫಿಕ್ಕಿನಲ್ಲಿ ಕೂತು ಅಭ್ಯಾಸವಿದ್ದವನಿಗೆ ಇದೊಂದು ದೂರವೇ? ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡೆದೇಬಿಡೋಣ ಅಂದುಕೊಂಡೆ. ಓಸ್ಲೊದಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಹಾಗಂದೆ. "ನಡೆದುಕೊಂಡಾ? ಬಂದೂಕು ಇಟ್ಕೊಂಡಿದ್ದೀಯಾ?" ಎಂದು ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ.

ಲಾಂಗ್‌ಇಯರ್‌ಬಿಯೆನ್ ಇರುವುದು ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, 78 ಡಿಗ್ರಿ ಉತ್ತರದಲ್ಲಿ. ಸುಮಾರು 2,500 ಜನರ ಊರು. ಜಾನ್ ಮನ್ರೋ ಲಾಂಗ್‌ಇಯರ್ ಎಂಬ ಅಮೆರಿಕದ ಉದ್ಯಮಿ 1906ರಲ್ಲಿ ಇಲ್ಲಿ ಕಲ್ಲಿದ್ದಲು ಗಣಿ ಶುರು ಮಾಡಿದ. ಊರಿಗೆ ಅವನದೇ ಹೆಸರು. 'ಬಿಯೆನ್' ಎಂದರೆ ನಾರ್ವೆ ಭಾಷೆಯಲ್ಲಿ ಪಟ್ಟಣ. ಬೇರೆ ಯಾವ ಊರಿಗೂ ಇಲ್ಲಿಂದ ರಸ್ತೆ ಇಲ್ಲ. ಇರುವ ರಸ್ತೆಗಳೆಲ್ಲ ಊರಿನ ಸುತ್ತಮುತ್ತಲೇ ಮುಗಿದುಹೋಗುತ್ತವೆ. ಜಗತ್ತಿನಲ್ಲಿ ಮಾಮೂಲಿ ಪ್ರಯಾಣಿಕರ ವಿಮಾನ ದಿನವೂ ಬಂದುಹೋಗುವ ಜಾಗಗಳಲ್ಲಿ ಇದೇ ತುತ್ತತುದಿ ಉತ್ತರದ್ದು.

ಏರ್‌ಪೋರ್ಟ್ ಶುರುವಾಗಿದ್ದು 1975ರಲ್ಲಿ. ಅದಕ್ಕೆ ಮೊದಲು ನವೆಂಬರಿನಿಂದ ಮೇ ತನಕ ಸಮುದ್ರ ಹೆಪ್ಪುಗಟ್ಟಿ ಹಡಗು ಬರುತ್ತಿರಲಿಲ್ಲ. ಊರಿನವರು ಅಷ್ಟೂ ತಿಂಗಳು ಒಳಗೇ. 1959ರಿಂದ ಅಡ್ವೆಂಟ್‌ಡಾಲೆನ್ ಕಣಿವೆಯ ಹೆಪ್ಪುಗಟ್ಟಿದ ನೆಲದ ಮೇಲೆ ಆಗೊಮ್ಮೆ ಈಗೊಮ್ಮೆ ವಿಮಾನ ಇಳಿಸುತ್ತಿದ್ದರು. ಈಗಲೂ ಈ ಊರಿನ ದಿನಚರಿ ನಡೆಯುವುದು ವಿಮಾನದ ಲೆಕ್ಕದಲ್ಲೇ. ಮುಂದೆ ಬರೆದಿರುವ ಎಲ್ಲದಕ್ಕೂ ಇದೇ ಬೀಗದಕೈ ಅಂದುಕೊಳ್ಳಿ. ಇಲ್ಲಿ ಬಸ್ಸು ಗಡಿಯಾರ ನೋಡಿ ಹೊರಡುವುದಿಲ್ಲ, ವಿಮಾನ ನೋಡಿ ಹೊರಡುತ್ತದೆ.

ನಾನು ಎರಡು ಸಲ ಹೋಗಿದ್ದೇನೆ. ಮೊದಲು ಜನವರಿಯಲ್ಲಿ ಒಬ್ಬನೇ, ಆಮೇಲೆ ಮಾರ್ಚಿನಲ್ಲಿ ಅಮ್ಮನನ್ನು ಕರೆದುಕೊಂಡು. ಮೊದಲ ಸಲ ಮಾಡಿದ ತಪ್ಪುಗಳನ್ನೆಲ್ಲ ಎರಡನೇ ಸಲ ಮಾಡಲಿಲ್ಲ. ಹೊಸ ತಪ್ಪು ಒಂದಾಯಿತು. ಅದು ಕೊನೆಯಲ್ಲಿ ಬರುತ್ತದೆ.

ಹಂತ 1: ವೀಸಾದಲ್ಲಿ 'ಎರಡು ಪ್ರವೇಶ' ಇರಲಿ

ಏರ್‌ಪೋರ್ಟಿನಿಂದ ಊರಿಗೆ ಹೋಗುವುದು ಹೇಗೆ ಅಂತ ಕೇಳಿದರೆ ಇವನೇನು ವೀಸಾ ಕಥೆ ಹೇಳುತ್ತಾನೆ ಅನ್ನಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ಎಡವುವುದು ಇಲ್ಲೇ.

ಸ್ವಾಲ್‌ಬಾರ್ಡಿಗೆ ವೀಸಾ ಬೇಡ. 1920ರ ಸ್ವಾಲ್‌ಬಾರ್ಡ್ ಒಪ್ಪಂದದ ಕಾಲದಿಂದ ಅದಕ್ಕೆ ಬೇರೆಯದೇ ನಿಯಮ. ಬ್ರಿಟಿಷರ ಕಾಲದಲ್ಲೇ ಆ ಒಪ್ಪಂದಕ್ಕೆ ಭಾರತದ ಹೆಸರಿನಲ್ಲೂ ಸಹಿ ಬಿದ್ದಿದೆ, ಗೊತ್ತಾ? ಆದರೆ ಅಲ್ಲಿಗೆ ಹೋಗುವ ವಿಮಾನ ಹತ್ತಬೇಕಾದರೆ ಓಸ್ಲೊ ಅಥವಾ ಉತ್ತರ ನಾರ್ವೆಯ ಟ್ರೋಮ್ಸೊಗೆ ಬರಲೇಬೇಕು. ಅವು ಷೆಂಗೆನ್ ಒಳಗಿವೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನೊಳಗೆ. ಸ್ವಾಲ್‌ಬಾರ್ಡ್ ಷೆಂಗೆನ್ ಹೊರಗಿದೆ. ಅಂದರೆ ಓಸ್ಲೊಗೆ ಬಂದಾಗ ಒಂದು ಸಲ ಒಳಗೆ ಬಂದಿರಿ. ಲಾಂಗ್‌ಇಯರ್‌ಬಿಯೆನ್‌ಗೆ ಹೊರಟಾಗ ಹೊರಗೆ ಹೋದಿರಿ. ವಾಪಸ್ ಬಂದಾಗ ಮತ್ತೆ ಒಳಗೆ. ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ವಾಪಸ್ ಬರುವಾಗ ಬಾಗಿಲು ಮುಚ್ಚಿರುತ್ತದೆ. ಅರ್ಜಿ ತುಂಬುವಾಗಲೇ ಎರಡು ಅಥವಾ ಅದಕ್ಕಿಂತ ಜಾಸ್ತಿ ಪ್ರವೇಶ ಕೇಳಿ. ಸ್ವಾಲ್‌ಬಾರ್ಡಿನ ಹೋಟೆಲ್ ಬುಕಿಂಗ್ ಅರ್ಜಿಯ ಜೊತೆಗೇ ಇಡಿ. ಯಾಕೆ ಕೇಳುತ್ತಿದ್ದೀರಿ ಅಂತ ಆಗ ಅವರಿಗೂ ಅರ್ಥವಾಗುತ್ತದೆ. ವೀಸಾ ಕೈಗೆ ಬಂದ ಮೇಲೆ ಸ್ಟಿಕ್ಕರ್ ಮೇಲೆ ಏನು ಬರೆದಿದೆ ಅಂತ ಒಂದು ಸಲ ಓದಿ.

ನಾರ್ವೆಯಲ್ಲೇ ವಾಸವಿರುವವರು ಒಳನಾಡಿನ ವಿಮಾನ ತಾನೇ ಅಂದುಕೊಂಡು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಬರುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಪಾಸ್‌ಪೋರ್ಟ್ ತಪಾಸಣೆ ಇದ್ದೇ ಇರುತ್ತದೆ. ವಾಸದ ಪರವಾನಗಿ ಕಾರ್ಡ್ ಕೂಡ ಜೊತೆಗಿರಲಿ.

ಹಂತ 2: ವಿಮಾನದ ಹೊತ್ತು ನೋಡಿಕೊಂಡು ಟಿಕೆಟ್ ತೆಗೆಯಿರಿ

ಓಸ್ಲೊದಿಂದ ನೇರ ಹೋದರೆ ಸುಮಾರು ಮೂರು ಗಂಟೆ. ಟ್ರೋಮ್ಸೊದಿಂದ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಎಸ್‌ಎಎಸ್ ಮತ್ತು ನಾರ್ವೇಜಿಯನ್ ಎಂಬ ಎರಡು ಕಂಪನಿಗಳ ವಿಮಾನ ಹಾರುತ್ತವೆ. ನಿಮ್ಮ ವಿಮಾನ ಟ್ರೋಮ್ಸೊದಲ್ಲಿ ನಿಂತು ಹೋಗುವಂಥದ್ದಾದರೆ, ಕೈಚೀಲ ಎತ್ತಿಕೊಂಡು ಇಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಅದೇ ವಿಮಾನ ಹತ್ತಬೇಕು. ನಿದ್ದೆಗಣ್ಣಿನಲ್ಲಿ ಇದೊಂದು ರಗಳೆ. ವಯಸ್ಸಾದವರು ಜೊತೆಗಿದ್ದರೆ ನೇರ ವಿಮಾನಕ್ಕೆ ನಾಲ್ಕು ಕಾಸು ಜಾಸ್ತಿ ಕೊಡುವುದೇ ಮೇಲು.

ಕೆಲವು ವಿಮಾನಗಳು ನಡುರಾತ್ರಿ ಬಂದು ನಡುರಾತ್ರಿಯೇ ವಾಪಸ್ ಹೊರಡುತ್ತವೆ. ಅದಕ್ಕೆ ಹೆದರಬೇಕಾಗಿಲ್ಲ, ಬಸ್ಸು ಆಗಲೂ ಬರುತ್ತದೆ. ಎಡವಟ್ಟಾಗುವುದು ತಾರೀಖಿನಲ್ಲಿ. ಏಪ್ರಿಲ್ 20ರ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುವುದು ನಿಲ್ಲುತ್ತದೆ. ಆಗಸ್ಟಿನ ಕೊನೆಯವರೆಗೂ ಮುಳುಗುವುದಿಲ್ಲ. 'ಗುರುವಾರ ಬೆಳಗಿನ ಜಾವ 2 ಗಂಟೆ' ಎಂದರೆ ಬುಧವಾರ ಊಟ ಮಾಡಿ ಹೊರಡಬೇಕು ಅಂತ ಅರ್ಥ. ಹೊರಗೆ ಹಗಲಿನಂತೆ ಬಿಸಿಲು ಇರುವಾಗ ತಲೆಗೆ ಇದು ಹೊಳೆಯುವುದೇ ಇಲ್ಲ. ಹೋಟೆಲ್ ಬುಕ್ ಮಾಡುವಾಗಲೂ ಅಷ್ಟೇ. ರಾತ್ರಿ ಒಂದು ಗಂಟೆಗೆ ಇಳಿಯುವವರು ಹಿಂದಿನ ದಿನದಿಂದಲೇ ರೂಮು ತೆಗೆದಿರಬೇಕು.

ಚಳಿಗಾಲದ ಲೆಕ್ಕ ಇದಕ್ಕೆ ತಿರುಗುಮುರುಗು. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಸುತ್ತ ಗುಡ್ಡಗಳಿರುವುದರಿಂದ ಊರಿನೊಳಗೆ ಬಿಸಿಲು ಬೀಳುವುದು ಮಾರ್ಚ್ 8ರ ಸುಮಾರಿಗೆ. ಆಗ ಊರಿಗೆ ಊರೇ ಹಬ್ಬ ಮಾಡುತ್ತದೆ. ಅಮ್ಮನನ್ನು ಮಾರ್ಚಿನಲ್ಲಿ ಕರೆದುಕೊಂಡು ಹೋಗಿದ್ದು ಅದಕ್ಕೇ. ಕತ್ತಲೆ ಇಲ್ಲ, ಹಿಮ ಇದೆ, ಏರ್‌ಪೋರ್ಟ್ ರಸ್ತೆ ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇದೇ ತಿಂಗಳು.

ಹಂತ 3: ದಪ್ಪ ಜಾಕೆಟ್ ಕೈಯಲ್ಲೇ ಇರಲಿ

ಜನವರಿಯಲ್ಲಿ ನಾನು ಜಾಕೆಟ್ಟನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಿ ಲಗೇಜಿಗೆ ಕೊಟ್ಟಿದ್ದೆ. ಲಾಂಗ್‌ಇಯರ್‌ಬಿಯೆನ್‌ನಲ್ಲಿ ವಿಮಾನದಿಂದ ಕಟ್ಟಡಕ್ಕೆ ಹೋಗುವ ಮುಚ್ಚಿದ ಸೇತುವೆ ಇಲ್ಲ. ಮೆಟ್ಟಿಲು ಇಳಿದು ಬಯಲಿನಲ್ಲಿ ನಡೆಯಬೇಕು. ಎರಡು ನಿಮಿಷದ ದಾರಿ ಅಷ್ಟೇ. ಆ ಎರಡು ನಿಮಿಷದಲ್ಲಿ ನನ್ನ ಕಿವಿ ಇದೆಯೋ ಬಿದ್ದುಹೋಯಿತೋ ಗೊತ್ತಾಗಲಿಲ್ಲ.

ಚಳಿ ಎಷ್ಟಿರುತ್ತದೆ? ಮಾಮೂಲಿ ಚಳಿಗಾಲದ ದಿನ ಮೈನಸ್ 10ರಿಂದ ಮೈನಸ್ 20. 1986ರ ಮಾರ್ಚಿನಲ್ಲಿ ಈ ಏರ್‌ಪೋರ್ಟಿನಲ್ಲಿ ಮೈನಸ್ 46.3 ದಾಖಲಾಗಿದೆ. ಅದೇ ಜಾಗದಲ್ಲಿ 2020ರ ಜುಲೈಯಲ್ಲಿ 21.7 ಡಿಗ್ರಿ ಸೆಕೆಯೂ ಆಗಿದೆ. ಆದರೆ ಸುಮ್ನೆ ಡಿಗ್ರಿ ನೋಡಿ ಮೋಸ ಹೋಗಬೇಡಿ. ಏರ್‌ಪೋರ್ಟ್ ಇರುವುದು ಸಮುದ್ರದ ಅಂಚಿನ ಬಯಲಿನಲ್ಲಿ. ಚಳಿಗಿಂತ ಗಾಳಿಯೇ ಕೊಯ್ಯುವುದು.

ಆದ್ದರಿಂದ ವಿಮಾನ ಇಳಿಯಲು ಅರ್ಧ ಗಂಟೆ ಇದೆ ಎನ್ನುವಾಗಲೇ ಶುರು ಮಾಡಿ. ಒಳಗೆ ಉಣ್ಣೆಯ ಬನಿಯನ್ನು ಮತ್ತು ಉದ್ದ ಚಡ್ಡಿ ಬೆಳಿಗ್ಗೆಯೇ ಹಾಕಿರಿ. ಜಾಕೆಟ್, ಟೋಪಿ, ಕೈಗವಸು ಮೇಲಿನ ಗೂಡಿನಲ್ಲಿಡದೆ ಮಡಿಲಲ್ಲಿಟ್ಟುಕೊಳ್ಳಿ. ನಮ್ಮ ಮಂಕಿ ಕ್ಯಾಪ್ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ. ಅಮ್ಮ ಅದನ್ನು ಓಸ್ಲೊದಲ್ಲೇ ಹಾಕಿಕೊಂಡು ಕೂತಿದ್ದರು. ನಾನು ಮುಜುಗರಪಟ್ಟೆ. ಬಾಗಿಲು ತೆರೆದಾಗ ಮುಜುಗರ ಹೋಯಿತು, ಹೊಟ್ಟೆಕಿಚ್ಚು ಬಂತು. ಫೋನು ಒಳಜೇಬಿನಲ್ಲಿರಲಿ. ಹೊರಜೇಬಿನಲ್ಲಿಟ್ಟರೆ ಬ್ಯಾಟರಿ ಅರ್ಧ ಇದ್ದದ್ದು ನೋಡುತ್ತಿದ್ದಂತೆ ಖಾಲಿ. ಕನ್ನಡಕದವರು ಒಳಗೆ ಕಾಲಿಟ್ಟ ತಕ್ಷಣ ಗಾಜು ಮಂಜಾಗುತ್ತದೆ, ಸ್ವಲ್ಪ ನಿಂತು ಮುಂದೆ ಹೋಗಿ.

ನೆಲ ಜಾರುತ್ತದೆ. ಬೂಟಿನ ಅಡಿಗೆ ಸಿಕ್ಕಿಸುವ ಸಣ್ಣ ಮುಳ್ಳುಗಳ ರಬ್ಬರ್ ಪಟ್ಟಿ ಓಸ್ಲೊದ ಯಾವ ಸ್ಪೋರ್ಟ್ಸ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಇಳಿಯುವ ಮೊದಲು ಅದನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಸ್ಸಿನಿಂದ ಹೋಟೆಲ್ ಬಾಗಿಲವರೆಗಿನ ಹತ್ತು ಹೆಜ್ಜೆಯಲ್ಲೇ ಅದು ಬೇಕಾಗುತ್ತದೆ.

ರನ್‌ವೇ ಬಗ್ಗೆ ಒಂದು ಮಾತು. ಅದನ್ನು ಕಟ್ಟಿರುವುದು ವರ್ಷವಿಡೀ ಹೆಪ್ಪುಗಟ್ಟಿರುವ ನೆಲದ ಮೇಲೆ. ಮೇಲ್ಪದರ ಬೇಸಿಗೆಯಲ್ಲಿ ಕರಗುತ್ತದೆ, ಚಳಿಗಾಲದಲ್ಲಿ ಉಬ್ಬುತ್ತದೆ. ಹಾಗಾಗಿ ರನ್‌ವೇ ಅಲ್ಲಲ್ಲಿ ಏರುಪೇರಾಗಿ, ಮತ್ತೆ ಮತ್ತೆ ದುರಸ್ತಿ ಮಾಡುತ್ತಲೇ ಇರಬೇಕಾಗುತ್ತದೆ. ಇಳಿದ ಮೇಲೆ ವಿಮಾನ ಸ್ವಲ್ಪ ಕುಲುಕಾಡಿದರೆ ಗಾಬರಿಯಾಗಬೇಡಿ.

ಹಂತ 4: ಬೆಲ್ಟಿನ ಮೇಲೆ ಕರಡಿ

ಒಳಗೆ ಇರುವುದು ಒಂದು ಪುಟ್ಟ ಹಾಲ್. ಲಗೇಜು ಬರುವ ಬೆಲ್ಟಿನ ನಡುವೆ ಹಿಮಕರಡಿಯೊಂದು ನಿಂತಿದೆ. ಹುಲ್ಲು ತುಂಬಿದ್ದು, ಹೆದರಬೇಡಿ. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ, ನೀವೂ ತೆಗೆಯಿರಿ. ಬ್ಯಾಗು ಬರುವ ಮೊದಲೇ ತೆಗೆದು ಮುಗಿಸಿ ಅಷ್ಟೇ. ಬಾಗಿಲ ಹೊರಗೆ ಇನ್ನೊಂದು ಫೋಟೋ ಜಾಗ ಇದೆ. ಜಗತ್ತಿನ ಊರುಗಳಿಗೆ ಎಷ್ಟು ದೂರ ಅಂತ ಬರೆದ ಬಾಣಗಳ ಕಂಬ. ಪಕ್ಕದಲ್ಲೇ ಕರಡಿಯ ಎಚ್ಚರಿಕೆ ಫಲಕ. ಅದಕ್ಕೆ ಬೇಕಾದರೆ ವಾಪಸ್ ಹೋಗುವ ದಿನ ಸಮಯ ಸಿಗುತ್ತದೆ. ಈಗ ಬಸ್ಸು ಹಿಡಿಯಿರಿ.

ಹಂತ 5: ಬಸ್ಸು

ಹೆಸರು ಫ್ಲೈಬುಸೆನ್. ನಾರ್ವೆ ಭಾಷೆಯಲ್ಲಿ ವಿಮಾನದ ಬಸ್ಸು ಅಂತಲೇ ಅರ್ಥ. ಪ್ರಯಾಣಿಕರ ವಿಮಾನ ಯಾವಾಗ ಬಂದರೂ ಬಾಗಿಲ ಎದುರೇ ನಿಂತಿರುತ್ತದೆ. ವಿಮಾನ ಎರಡು ಗಂಟೆ ತಡವಾದರೆ ಬಸ್ಸೂ ಎರಡು ಗಂಟೆ ತಡ. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಸಂಜೆಯ ಕೊನೆ ಬಸ್ಸು ಪೇಟೆಯಿಂದ ಬರುವವರಿಗೆ ಕಾದು ಹೊರಡುತ್ತಿತ್ತಲ್ಲ, ಅದೇ ತರಹ. ಬ್ಯಾಗು ಬಂದವರೆಲ್ಲ ಹತ್ತುವ ತನಕ ನಿಲ್ಲುತ್ತದೆ. ಎಲ್ಲರೂ ಹತ್ತಿದ ಮೇಲೆ ಮಾತ್ರ ಕಾಯುವುದಿಲ್ಲ. ಮುಂದಿನ ಬಸ್ಸು ಎಂದರೆ ಮುಂದಿನ ವಿಮಾನ. ಅದು ನಾಳೆಯೂ ಆಗಿರಬಹುದು.

ಮಾಡಬೇಕಾದ್ದು ಇಷ್ಟು. ದೊಡ್ಡ ಬ್ಯಾಗನ್ನು ಕೆಳಗಿನ ಡಿಕ್ಕಿಗೆ ಹಾಕಿ. ಹತ್ತುವಾಗ ಡ್ರೈವರಿಗೆ ಹೋಟೆಲಿನ ಹೆಸರು ಹೇಳಿ. ಉಚ್ಚಾರ ಬರದಿದ್ದರೆ ಫೋನಿನಲ್ಲಿ ತೋರಿಸಿ. ದುಡ್ಡು ಕಾರ್ಡಿನಲ್ಲಿ ಕೊಡಿ. ನಾರ್ವೆ ಕ್ರೋನ್ ನೋಟು ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಊರಿನಲ್ಲಿ ಎಲ್ಲಾ ಕಡೆ ಕಾರ್ಡು ನಡೆಯುತ್ತದೆ. ಭಾರತದ ಕಾರ್ಡ್ ಆದರೆ ವಿದೇಶದಲ್ಲಿ ಬಳಸುವ ಅನುಮತಿ ಬ್ಯಾಂಕಿನ ಆ್ಯಪಿನಲ್ಲಿ ಆನ್ ಮಾಡಿಕೊಂಡೇ ಹೊರಡಿ.

ಬಸ್ಸು ಊರಿನ ಹೋಟೆಲು, ಗೆಸ್ಟ್‌ಹೌಸುಗಳ ಮುಂದೆಲ್ಲ ನಿಲ್ಲುತ್ತದೆ. ಮಧ್ಯದ ಹೋಟೆಲುಗಳಿಗೆ ಹತ್ತು ಹದಿನೈದು ನಿಮಿಷ. ಕಣಿವೆಯ ಮೇಲ್ತುದಿಯಲ್ಲಿ ನೀಬಿಯೆನ್ ಅಂತ ಇದೆ. ಹಿಂದೆ ಗಣಿ ಕಾರ್ಮಿಕರಿದ್ದ ಉದ್ದುದ್ದ ಮನೆಗಳು ಈಗ ಗೆಸ್ಟ್‌ಹೌಸ್ ಆಗಿವೆ, ರೂಮು ಸ್ವಲ್ಪ ಅಗ್ಗ. ಅಲ್ಲಿಗೆ ಬಸ್ಸು ಕೊನೆಗೆ ಹೋಗುತ್ತದೆ, ಅರ್ಧ ಗಂಟೆ ಹಿಡಿಯಬಹುದು. ಅಲ್ಲಿ ಉಳಿಯುವವರು ಮುಂದಿನ ಸೀಟಿಗೆ ನುಗ್ಗದೆ ಹಿಂದೆ ಆರಾಮಾಗಿ ಕೂತುಕೊಳ್ಳಿ.

ಹೋಗುವಾಗ ಎಡಗಡೆ ಕೂತರೆ ಫ್ಯೋರ್ಡ್, ಅಂದರೆ ಗುಡ್ಡಗಳ ನಡುವೆ ಒಳಗೆ ಚಾಚಿದ ಸಮುದ್ರ. ಬಲಗಡೆ ಪ್ಲಾಟೋಬೆರ್ಗೆಟ್ ಎಂಬ ತಲೆ ಚಪ್ಪಟೆಯಾದ ಗುಡ್ಡ. ಏರ್‌ಪೋರ್ಟ್ ಇರುವ ಜಾಗದ ಹೆಸರು ಹೊಟೆಲ್‌ನೆಸೆಟ್, ಹೋಟೆಲ್ ಮೂಲೆ ಅನ್ನಬಹುದು. 1896ರಲ್ಲೇ ಇಲ್ಲಿ ಪ್ರವಾಸಿಗರಿಗೆಂದು ಮರದ ಹೋಟೆಲೊಂದನ್ನು ಕಟ್ಟಿದ್ದರು. ಊರು ಹುಟ್ಟುವ ಹತ್ತು ವರ್ಷ ಮೊದಲು! ಮುಂದೆ ಊರು ಹತ್ತಿರವಾದಂತೆ ಕಲ್ಲಿದ್ದಲು ತೊಟ್ಟಿಗಳು ತೇಲಿ ಬರುತ್ತಿದ್ದ ಹಗ್ಗದ ದಾರಿಯ ಮರದ ಕಂಬಗಳು ಗುಡ್ಡದ ಇಳಿಜಾರಿನಲ್ಲಿ ಕಾಣುತ್ತವೆ. ಊರಿಗೆ ಬೆಳಕು, ಬಿಸಿನೀರು ಕೊಡುತ್ತಿದ್ದ ಕಲ್ಲಿದ್ದಲು ಸ್ಥಾವರ 2023ರಲ್ಲಿ ಡೀಸೆಲ್ಲಿಗೆ ಬದಲಾಯಿತು. ಸ್ವಾಲ್‌ಬಾರ್ಡಿನಲ್ಲಿ ನಾರ್ವೆಯವರ ಕೊನೆಯ ಕಲ್ಲಿದ್ದಲು ಗಣಿ 2025ರಲ್ಲಿ ಮುಚ್ಚಿತು.

ಬಲಗಡೆಯವರಿಗೆ ನಷ್ಟವೇನಿಲ್ಲ. ಏರ್‌ಪೋರ್ಟಿನಿಂದ ಹೊರಟ ಕೂಡಲೇ ಹಿಂತಿರುಗಿ ಗುಡ್ಡದ ಮೇಲೆ ನೋಡಿ. ನೆಲದಿಂದ ಎದ್ದ ಕಾಂಕ್ರೀಟ್ ಬೆಣೆಯಂಥದ್ದೊಂದು ಕಾಣುತ್ತದೆ. ಕತ್ತಲೆಯಲ್ಲಿ ಹಸಿರು ನೀಲಿ ಮಿನುಗುತ್ತದೆ. ಅದು 2008ರಲ್ಲಿ ತೆರೆದ ಜಾಗತಿಕ ಬೀಜದ ಕಣಜ. ಒಳಗೆ ಮೈನಸ್ 18 ಡಿಗ್ರಿಯಲ್ಲಿ ಲೋಕದ ಬೆಳೆಗಳ ಬೀಜಗಳನ್ನು ಇಟ್ಟಿದ್ದಾರೆ. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ರಾಗಿ, ಕಡಲೆ, ತೊಗರಿ, ಶೇಂಗಾ ಅಲ್ಲಿವೆ. "ರಾಗಿ ಇಲ್ಲಿಗೂ ಬಂದಿದೆಯಾ?" ಎಂದು ಅಮ್ಮ ಎರಡು ಸಲ ಕೇಳಿದರು. ಒಳಗೆ ಯಾರನ್ನೂ ಬಿಡುವುದಿಲ್ಲ. ಬಾಗಿಲವರೆಗೆ ಟ್ಯಾಕ್ಸಿಯಲ್ಲಿ ಹೋಗಿ ಬರಬಹುದು.

ಟ್ಯಾಕ್ಸಿ ಯಾವಾಗ ಸರಿ?

ಮೂರು ನಾಲ್ಕು ಜನ ಇದ್ದರೆ ಬಸ್ಸಿಗೂ ಟ್ಯಾಕ್ಸಿಗೂ ದೊಡ್ಡ ವ್ಯತ್ಯಾಸ ಬೀಳುವುದಿಲ್ಲ. ಚಿಕ್ಕ ಮಕ್ಕಳು, ಮೊಣಕಾಲು ನೋವಿನವರು ಇದ್ದರೆ ಟ್ಯಾಕ್ಸಿಯೇ ಸರಿ. ಆದರೆ ಊರಿನಲ್ಲಿ ಟ್ಯಾಕ್ಸಿಗಳು ಕಡಿಮೆ, ವಿಮಾನ ಇಳಿದಾಗ ಎಲ್ಲರಿಗೂ ಒಟ್ಟಿಗೇ ಬೇಕು. ಹೊರಗೆ ಬಂದು ಕೈ ತೋರಿಸುವುದಲ್ಲ. ಹಿಂದಿನ ದಿನವೇ ಫೋನ್ ಮಾಡಿ ಹೇಳಿಟ್ಟಿರಬೇಕು. ಓಲಾ, ಊಬರ್ ಆ್ಯಪು ತೆರೆದು ಕೂರಬೇಡಿ.

ಬಾಡಿಗೆ ಕಾರು ಸಿಗುತ್ತದೆ. ನನ್ನ ಕೇಳಿದರೆ ದಂಡ. ಹೋಗಲು ರಸ್ತೆಯೇ ಇಲ್ಲದ ಊರಿನಲ್ಲಿ ಕಾರು ತೆಗೆದುಕೊಂಡು ಏನು ಮಾಡುತ್ತೀರಿ? ನಾಯಿಬಂಡಿ, ಹಿಮದ ಸ್ಕೂಟರ್ ಪ್ರವಾಸ ಬುಕ್ ಮಾಡಿದ್ದರೆ ಅವರೇ ಹೋಟೆಲಿಗೆ ಬಂದು ಕರೆದುಕೊಂಡು ಹೋಗುತ್ತಾರೆ.

ನಡೆದು ಹೋಗಬಾರದು, ಯಾಕೆಂದರೆ

ಸ್ವಾಲ್‌ಬಾರ್ಡಿನಲ್ಲಿ ಊರಿನ ಹೊರಗೆ ಹೋಗುವವರು ಹಿಮಕರಡಿಯನ್ನು ಹೆದರಿಸಿ ಓಡಿಸುವ ಸಲಕರಣೆ ಇಟ್ಟುಕೊಂಡಿರಲೇಬೇಕು. ಇದು ಕಾನೂನು. ಜೊತೆಗೆ ಬಂದೂಕೂ ಇರಲಿ ಎನ್ನುವುದು ಅಲ್ಲಿನ ಗವರ್ನರ್ ಕಚೇರಿಯ ಸಲಹೆ. ಏರ್‌ಪೋರ್ಟ್ ರಸ್ತೆಯಲ್ಲಿ ವಾಹನ ಓಡಾಡುತ್ತವೆ, ಊರಿನ ದೀಪವೂ ಕಾಣುತ್ತದೆ. ಹಾಗಾಗಿಯೇ ಅಪಾಯ ಇಲ್ಲ ಅನ್ನಿಸುವುದು. 2020ರ ಆಗಸ್ಟಿನಲ್ಲಿ ಏರ್‌ಪೋರ್ಟ್ ಪಕ್ಕದ ಟೆಂಟು ಹಾಕುವ ಬಯಲಿಗೆ ರಾತ್ರಿ ಕರಡಿ ನುಗ್ಗಿತು. ಟೆಂಟಿನಲ್ಲಿ ಮಲಗಿದ್ದ ಒಬ್ಬರು ಸತ್ತರು. ಗುಂಡು ತಗುಲಿದ ಆ ಕರಡಿ ಆಮೇಲೆ ಸತ್ತು ಬಿದ್ದಿದ್ದು ಏರ್‌ಪೋರ್ಟಿನ ಕಾರು ನಿಲ್ಲಿಸುವ ಜಾಗದಲ್ಲಿ. ನೀವು ಬಸ್ಸು ಹತ್ತುವ ಬಾಗಿಲಿನ ಹತ್ತಿರ ಅಂದರೆ ಅರ್ಥವಾಯಿತಲ್ಲ?

ಕರಡಿ ಕಂಡರೆ ಫೋಟೋಗೆ ಹತ್ತಿರ ಹೋಗುವುದೂ ತಪ್ಪು. 2025ರಿಂದ ಕನಿಷ್ಠ 300 ಮೀಟರ್ ದೂರ ಇರಬೇಕು. ಮಾರ್ಚಿನಿಂದ ಜೂನ್ ಕೊನೆಯವರೆಗೆ 500 ಮೀಟರ್.

ಬಸ್ಸು ತಪ್ಪಿತು, ಟ್ಯಾಕ್ಸಿ ಇಲ್ಲ, ಏನು ಮಾಡುವುದು? ಕಟ್ಟಡದ ಒಳಗೇ ಇರಿ. ಏರ್‌ಪೋರ್ಟಿನವರನ್ನು ಕೇಳಿ, ಹೋಟೆಲಿಗೆ ಫೋನ್ ಮಾಡಿ. ಸಣ್ಣ ಊರು, ಯಾರಾದರೂ ಆ ಕಡೆ ಹೋಗುವವರು ಸಿಕ್ಕೇ ಸಿಗುತ್ತಾರೆ.

ಹಂತ 6: ಬಾಗಿಲಲ್ಲಿ ಬೂಟು ಬಿಡಿ

ಇದು ನಮಗೆ ಹೇಳಿಕೊಡಬೇಕಾಗಿಲ್ಲ. ಗಣಿಯಿಂದ ಬಂದವರ ಕಲ್ಲಿದ್ದಲು ಮಸಿ ಮನೆಗೆ ತಾಗಬಾರದು ಅಂತ ಶುರುವಾದ ರೂಢಿ ಈಗಲೂ ಇದೆ. ಹಲವು ಹೋಟೆಲುಗಳಲ್ಲಿ, ಮ್ಯೂಸಿಯಮ್ಮಿನಲ್ಲಿ ಬೂಟು ಬಾಗಿಲಲ್ಲೇ. ಒಳಗೆ ಹಾಕಲು ಚಪ್ಪಲಿ ಇಟ್ಟಿರುತ್ತಾರೆ. ಅಮ್ಮನಿಗೆ ಆ ಊರು ಇಷ್ಟವಾಗಿದ್ದೇ ಇಲ್ಲಿಂದ. "ಇವರಿಗೆ ಮಡಿ ಮೈಲಿಗೆ ಗೊತ್ತು" ಎಂದರು. ತೂತಿಲ್ಲದ ಕಾಲುಚೀಲ ಹಾಕಿಕೊಂಡು ಹೋಗಿ. ಕಪ್ಪು ಬೂಟುಗಳ ರಾಶಿಯಲ್ಲಿ ನಿಮ್ಮದು ಗುರುತು ಸಿಗಲು ಬಣ್ಣದ ದಾರ ಕಟ್ಟಿ.

ಇಳಿದ ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಬಿಯರು, ವಿಸ್ಕಿ ಕೊಳ್ಳುವ ಪ್ರವಾಸಿಗರು ವಿಮಾನದ ಟಿಕೆಟ್ ತೋರಿಸಬೇಕು. ಊರಿನವರಿಗಾದರೆ ರೇಷನ್ ಕಾರ್ಡಿನಂತಹ ಕಾರ್ಡೇ ಇದೆ, ಅದೂ ಗಣಿ ಕಾಲದ್ದೇ.

ಇನ್ನೂ ಮುಂದೆ ಹೋಗುವವರಿಗೆ

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ನಿ-ಓಲೆಸುಂಡ್‌ನಲ್ಲಿದೆ, ಇನ್ನೂ ಉತ್ತರಕ್ಕೆ. ನಮ್ಮ ವಿಜ್ಞಾನಿಗಳು ಇದೇ ಏರ್‌ಪೋರ್ಟ್ ಮೂಲಕ ಹೋಗುತ್ತಾರೆ. 2023ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಅಲ್ಲಿಗೆ ಹೋಗುವುದು ಸಣ್ಣ ವಿಮಾನದಲ್ಲಿ, ಅರ್ಧ ಗಂಟೆಯೂ ಆಗುವುದಿಲ್ಲ. ವರ್ಷಾನುಗಟ್ಟಲೆ ಆ ದಾರಿಯಲ್ಲಿ ಹಾರಿದ್ದು ಡಾರ್ನಿಯರ್ 228. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವುದೂ ಅದೇ ಮಾದರಿಯನ್ನೇ. ಪ್ರವಾಸಿಗರು ಕೌಂಟರಿನಲ್ಲಿ ಟಿಕೆಟ್ ತೆಗೆದು ಹತ್ತುವಂಥದ್ದಲ್ಲ, ಕೆಲಸದ ಮೇಲೆ ಹೋಗುವವರಿಗೆ. ಲಗೇಜಿನ ತೂಕ ಬಿಗಿ, ಆದ್ದರಿಂದ ಬೇಡದ್ದನ್ನು ಲಾಂಗ್‌ಇಯರ್‌ಬಿಯೆನ್‌ನಲ್ಲೇ ಬಿಟ್ಟು ಹೋಗಿ. ಇಳಿಯುವ ಮೊದಲು ಫೋನಿನ ವೈಫೈ, ಬ್ಲೂಟೂತ್ ಆರಿಸಬೇಕು. ಅಲ್ಲಿನ ಸೂಕ್ಷ್ಮ ಆಂಟೆನಾಗಳಿಗೆ ತೊಂದರೆಯಾಗಬಾರದು ಅಂತ ಸುತ್ತ 20 ಕಿಲೋಮೀಟರ್ ರೇಡಿಯೋ ಮೌನ.

ಐದು ಕಿಲೋಮೀಟರ್ ಬಸ್ಸು ಇದೆಯಲ್ಲ ಅಂತ ಸಮಾಧಾನಪಟ್ಟುಕೊಳ್ಳಲು ಪೂರ್ವ ಗ್ರೀನ್‌ಲ್ಯಾಂಡಿನ ಇಟ್ಟೊಕೊರ್ಟೊರ್ಮಿಟ್ ಊರನ್ನು ನೆನೆಯಬೇಕು. ಸುಮಾರು 350 ಜನ. ಅದರ ಏರ್‌ಪೋರ್ಟ್ ನೆರ್ಲೆರಿಟ್ ಇನಾಟ್ ಇರುವುದು ಸುಮಾರು 40 ಕಿಲೋಮೀಟರ್ ಆಚೆ, ನಡುವೆ ರಸ್ತೆಯೇ ಇಲ್ಲ. 1985ರ ಸುಮಾರಿಗೆ ತೈಲ ಹುಡುಕಲು ಬಂದವರು ತಮಗೆ ಅನುಕೂಲವಾದಲ್ಲಿ ರನ್‌ವೇ ಮಾಡಿಕೊಂಡರು. ತೈಲದವರು ಹೋದರು, ರನ್‌ವೇ ಅಲ್ಲೇ ಉಳಿಯಿತು. ಅಲ್ಲಿಂದ ಊರಿಗೆ ಹೆಲಿಕಾಪ್ಟರಿನಲ್ಲಿ ಕಾಲು ಗಂಟೆ. ಮಂಜು ಕವಿದರೆ ಅದೂ ಇಲ್ಲ, ಏರ್‌ಪೋರ್ಟಿನಲ್ಲೇ ಕಾಯಬೇಕು. ಅಂಥ ಊರಿಗೆ ಟಿಕೆಟ್ ತೆಗೆಯುವವರು ವಿಮಾನ ಮತ್ತು ಹೆಲಿಕಾಪ್ಟರ್ ಎರಡನ್ನೂ ಒಟ್ಟಿಗೇ ಬುಕ್ ಮಾಡಬೇಕು. ವಿಮಾನದ ಟಿಕೆಟ್ ಮಾತ್ರ ಸಿಕ್ಕಿತು ಅಂತ ಖುಷಿಪಡುವ ಹಾಗಿಲ್ಲ.

ವಿಮಾನವೇ ಬರದಿದ್ದರೆ

ಗಾಳಿ, ಹಿಮ, ಮಂಜು. ಯಾವುದಾದರೂ ಒಂದಕ್ಕೆ ವಿಮಾನ ನಿಲ್ಲಬಹುದು. ಕೆಲವು ಸಲ ಮೇಲೆ ಬಂದು, ಸುತ್ತು ಹೊಡೆದು, ಟ್ರೋಮ್ಸೊಗೆ ವಾಪಸ್ ಹೋಗುತ್ತದೆ. ಓಸ್ಲೊದಿಂದ ಬೆಂಗಳೂರಿಗೆ ಹೋಗುವ ವಿಮಾನವನ್ನು ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ದಿನ ನಡುವೆ ಬಿಡಿ, ಚಳಿಗಾಲದಲ್ಲಿ ಎರಡಾದರೆ ಒಳ್ಳೆಯದು. ಆ ಖಾಲಿ ದಿನದ ಹೋಟೆಲ್ ಖರ್ಚು ನೋಡಿ ಹೊಟ್ಟೆ ಉರಿಯುತ್ತದೆ, ಗೊತ್ತು. ತಪ್ಪಿದ ಬೆಂಗಳೂರು ಟಿಕೆಟಿಗಿಂತ ಅಗ್ಗ.

ವಿಮಾನ ರದ್ದಾಯಿತು ಎಂದು ತಿಳಿದ ಕ್ಷಣವೇ ಮೊದಲು ಮಾಡಬೇಕಾದ ಫೋನು ಹೋಟೆಲಿಗೆ. ಊರಿನಲ್ಲಿರುವ ರೂಮುಗಳು ಲೆಕ್ಕದವು. ಒಂದು ವಿಮಾನದ ಜನ ವಾಪಸ್ ಬಂದರೆ ಅವು ಕ್ಷಣದಲ್ಲಿ ತುಂಬಿಹೋಗುತ್ತವೆ. ದಿನಾ ನುಂಗುವ ಮಾತ್ರೆಗಳು ಮೂರು ದಿನಕ್ಕೆ ಹೆಚ್ಚಾಗುವಷ್ಟು ಕೈಚೀಲದಲ್ಲಿರಲಿ. ಅಮ್ಮನ ಬಿಪಿ ಮಾತ್ರೆಯ ಜೊತೆ ಚಟ್ನಿಪುಡಿಯೂ ಇತ್ತು. ಅದೂ ಒಂದು ತರಹದ ಔಷಧಿಯೇ ಅನ್ನಿ.

ಹಂತ 7: ವಾಪಸ್

ಹೊರಡುವ ಹಿಂದಿನ ಸಂಜೆ ರಿಸೆಪ್ಷನ್ನಿನಲ್ಲಿ ಕೇಳಿ: ನನ್ನ ವಿಮಾನಕ್ಕೆ ಬಸ್ಸು ಈ ಬಾಗಿಲಿಗೆ ಎಷ್ಟು ಹೊತ್ತಿಗೆ ಬರುತ್ತದೆ? 'ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ' ಅಂತ ಕೇಳಿದರೆ ಬೇರೆ ಉತ್ತರ ಬರಬಹುದು. ಯಾಕೆಂದರೆ ಬಸ್ಸು ಸಾಮಾನ್ಯವಾಗಿ ನೀಬಿಯೆನ್ ಕಡೆಯಿಂದ ಹೊರಟು ಒಂದೊಂದೇ ಹೋಟೆಲಿನವರನ್ನು ಹತ್ತಿಸಿಕೊಂಡು ಬರುತ್ತದೆ. ವಿಮಾನದ ಹೊತ್ತಿಗೆ ಸುಮಾರು ಎರಡು ಗಂಟೆ ಮೊದಲು ಅಂತ ಲೆಕ್ಕ ಇಟ್ಟುಕೊಳ್ಳಿ. ಬರುವ ಹೊತ್ತಿಗೆ ಐದು ನಿಮಿಷ ಮುಂಚೆ ಬೂಟು ಹಾಕಿ, ಬಾಗಿಲ ಒಳಗೆ ನಿಂತಿರಿ. ಹೊರಗೆ ನಿಂತು ಕಾಯುವ ಶೌರ್ಯ ಬೇಡ.

ಬ್ಯಾಗು ಕಟ್ಟುವಾಗ ಒಂದು ಎಚ್ಚರಿಕೆ. ದಡದಲ್ಲಿ ಬಿದ್ದಿದ್ದ ತುಕ್ಕು ಹಿಡಿದ ಮೊಳೆ, ಹಳೆ ಮರದ ಚೂರು ನೆನಪಿಗೆ ಅಂತ ಎತ್ತಿಕೊಳ್ಳಬೇಡಿ. 1946ಕ್ಕಿಂತ ಹಿಂದಿನ ಮನುಷ್ಯರ ಯಾವ ಗುರುತನ್ನೂ ಸ್ವಾಲ್‌ಬಾರ್ಡಿನಲ್ಲಿ ಮುಟ್ಟುವ ಹಾಗಿಲ್ಲ. ನಮ್ಮ ಕಣ್ಣಿಗೆ ಅದು ಗುಜರಿ, ಕಾನೂನಿಗೆ ಅದು ಸ್ಮಾರಕ. ಊರಿನಲ್ಲಿ ಮಾರಾಟ ತೆರಿಗೆ ಇಲ್ಲದ್ದರಿಂದ ಜಾಕೆಟ್, ಬೂಟು ಕೊಂಡುಕೊಳ್ಳುವವರು ಬಿಲ್ಲು ಕೈಯಲ್ಲಿಟ್ಟುಕೊಳ್ಳಿ. ನಾರ್ವೆಗೆ ಇಳಿದಾಗ ಕಸ್ಟಮ್ಸ್ ಇರುತ್ತದೆ. ಅಂದಹಾಗೆ ಪರಿಸರ ಶುಲ್ಕ ಅಂತ 150 ಕ್ರೋನ್ ನಿಮ್ಮ ವಿಮಾನದ ಟಿಕೆಟಿನಲ್ಲೇ ಸೇರಿರುತ್ತದೆ, ಬೇರೆ ಕಟ್ಟಬೇಕಾಗಿಲ್ಲ.

ಏರ್‌ಪೋರ್ಟಿನಲ್ಲಿ ಇಡೀ ವಿಮಾನದ ಜನ ಒಂದೇ ಬಸ್ಸಿನಲ್ಲಿ ಬಂದಿರುತ್ತಾರೆ, ಹಾಗಾಗಿ ಸಾಲು ಒಮ್ಮೆಲೇ ಉದ್ದವಾಗುತ್ತದೆ. ಬ್ಯಾಗು ಕೊಡುವಾಗ ಕೌಂಟರಿನಲ್ಲಿ ಕೇಳಿ: ಇದು ಎಲ್ಲಿ ಹೊರಗೆ ಬರುತ್ತದೆ, ಟ್ರೋಮ್ಸೊದಲ್ಲಾ, ಓಸ್ಲೊದಲ್ಲಾ? ಬೆಂಗಳೂರಿನವರೆಗೂ ಒಂದೇ ಟಿಕೆಟ್ ಇದ್ದರೂ ಈ ಪ್ರಶ್ನೆ ಕೇಳಲೇಬೇಕು. ಕಸ್ಟಮ್ಸಿಗಾಗಿ ನಡುವೆ ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು. ಅಷ್ಟಾದ ಮೇಲೆ ಸಮಯ ಉಳಿದರೆ, ಹೊರಗಿನ ಬಾಣದ ಕಂಬದ ಫೋಟೋ.

ನಾವು ಆ ಫೋಟೋ ತೆಗೆದಿದ್ದೇವೆ. ಅದರಲ್ಲಿ ಅಮ್ಮ ಮಂಕಿ ಕ್ಯಾಪ್, ನನ್ನ ಹಳೆ ಜಾಕೆಟ್, ಕಾಲಿಗೆ ಹೋಟೆಲಿನ ಬೂದು ಬಣ್ಣದ ಉಣ್ಣೆ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಬಸ್ಸು ಬಂತು ಅಂತ ನಾನು ಅವಸರ ಮಾಡಿದ್ದೆ. ಕೆಂಪು ದಾರ ಕಟ್ಟಿದ ಅವರ ಬೂಟು ಐದು ಕಿಲೋಮೀಟರ್ ಹಿಂದೆ ಹೋಟೆಲ್ ಬಾಗಿಲಲ್ಲೇ ಇತ್ತು. ಹೋಟೆಲಿಗೆ ಫೋನ್ ಮಾಡಿದೆವು. ಮುಂದಿನ ವಿಮಾನಕ್ಕೆ ಜನರನ್ನು ತರುವ ಬಸ್ಸಿನಲ್ಲಿ ಕಳಿಸುತ್ತೇವೆ ಎಂದರು. ನಮ್ಮ ವಿಮಾನಕ್ಕೆ ಹತ್ತಲು ಕರೆಯುವ ಇಪ್ಪತ್ತು ನಿಮಿಷ ಮೊದಲು ಬೂಟು ಬಂತು, ಮುಂದಿನ ಸೀಟಿನಲ್ಲಿ ಕೂತುಕೊಂಡು.